ನೀರಿನಡಿಯ ಮೂವತ್ತೇಳು ಮುಖಗಳನ್ನು ಉಜ್ಜಬೇಡಿ

ಕಡಲತೀರ ಸೌಂದರ್ಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಕೊಲ್ಲಿಯ ತಳದಲ್ಲಿರುವ ಮೂವತ್ತೇಳು ಸಿಮೆಂಟ್ ಪ್ರತಿಮೆಗಳನ್ನು ನೀರಿನ ಒತ್ತಡದ ಯಂತ್ರದಿಂದ ತೊಳೆಸಲು ತಾವು ಆದೇಶ ಹೊರಡಿಸಿದ್ದೀರಿ. ಅದನ್ನು ಹಿಂತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ಇಲಾಖೆಗೆ ಈಗಾಗಲೇ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿತ್ತು. ಮೊಹರಿನಿಂದಾಚೆ ಏನೂ ಆಗಲಿಲ್ಲ. ಆದ್ದರಿಂದ ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕು ಸಲ ಬರೆದು ಹರಿದೆ. ಕೂತರೆ ಏಳುವ ಹಾಗೆ, ಎದ್ದರೆ ಕೂರುವ ಹಾಗೆ ಆಗಿದೆ ನನ್ನ ಸ್ಥಿತಿ. ಬರಹ ಅಲ್ಲಲ್ಲಿ ಹಳಿ ತಪ್ಪಿದರೆ ಮನ್ನಿಸಬೇಕು.

ತಮ್ಮ ಆದೇಶದ ಒಂದು ವಾಕ್ಯ ನನಗೆ ಬಾಯಿಪಾಠವಾಗಿಬಿಟ್ಟಿದೆ: ‘ಕಲಾಕೃತಿಗಳ ಮೇಲೆ ಅನಧಿಕೃತವಾಗಿ ಬೆಳೆದಿರುವ ಜೈವಿಕ ಪದಾರ್ಥಗಳನ್ನು ತೆರವುಗೊಳಿಸಿ, ಮುಖಲಕ್ಷಣಗಳನ್ನು ಮೂಲ ಸ್ಥಿತಿಗೆ ತರತಕ್ಕದ್ದು.’ ಅನಧಿಕೃತವಾಗಿ! ಹವಳಕ್ಕೆ ಪರವಾನಗಿಯನ್ನು ತಮ್ಮ ಕಚೇರಿಯ ಯಾವ ಕೌಂಟರಿನಲ್ಲಿ ಕೊಡುತ್ತೀರಿ? ಸ್ಪಂಜು ತನ್ನ ವಾಸಸ್ಥಳದ ದೃಢೀಕರಣ ಪತ್ರವನ್ನು ಎಷ್ಟು ಪ್ರತಿಗಳಲ್ಲಿ ತರಬೇಕು? ಏಡಿ ಸಹಿ ಹಾಕಲೇಬೇಕೋ, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೋ? ಇಷ್ಟೆಲ್ಲ ಯಾತಕ್ಕೆಂದು ನೋಡಿದರೆ, ‘ಸಾಗರ ಸಪ್ತಾಹ’ದ ಅಂಗವಾಗಿ ಅತಿಥಿಗಳು ಬರುತ್ತಾರೆಂದು. ಸಾಗರದ ಮಹತ್ವವನ್ನು ಅತಿಥಿಗಳಿಗೆ ತೋರಿಸಲು ಸಾಗರದಲ್ಲಿ ಬೆಳೆದದ್ದನ್ನೆಲ್ಲ ಕೆರೆದು ಹಾಕುವ ಆಲೋಚನೆ ಯಾರಿಗೆ ಹೊಳೆಯಿತೋ, ಅವರಿಗೆ ಬಡ್ತಿ ಸಿಗಲಿ. ಆದರೆ ದಯವಿಟ್ಟು ನೀರಿನಿಂದ ದೂರದ ಯಾವುದಾದರೂ ಇಲಾಖೆಗೆ ಸಿಗಲಿ.

ನನ್ನ ಪರಿಚಯ ತಮ್ಮ ಕಡತದಲ್ಲಿದೆ, ‘ಕೆಲಸ ಅರ್ಧಕ್ಕೆ ಬಿಟ್ಟ ಗುತ್ತಿಗೆದಾರ’ ಎಂದು. ಅದಕ್ಕೂ ಮುಂಚೆ ನಾನು ಸಿಮೆಂಟ್ ಪೈಪು ಕಾರ್ಖಾನೆಯ ಅಚ್ಚಿನ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಚರಂಡಿ ಪೈಪು, ಬಾವಿಯ ರಿಂಗು, ಬೀದಿಯ ಬೆಂಚು, ಎಲ್ಲವನ್ನೂ ಎರಕ ಹೊಯ್ದಿದ್ದೇನೆ. ಊರಿನವರು ನನ್ನನ್ನು ಅಚ್ಚಿನ ಮೇಸ್ತ್ರಿ ಎಂದೇ ಕರೆಯುವುದು. ಏಳು ವರ್ಷದ ಹಿಂದೆ ತಮ್ಮ ಇಲಾಖೆಯೇ ಕರೆಸಿದ ಒಬ್ಬ ಶಿಲ್ಪಿ ನಮ್ಮ ಕಾರ್ಖಾನೆಯ ಅಂಗಳಕ್ಕೆ ಬಂದರು. ತಲೆಗೂದಲು ಗಂಡಸರಂತೆ ಕತ್ತರಿಸಿಕೊಂಡಿದ್ದ, ಸದಾ ಬರಿಗಾಲಿನಲ್ಲಿ ಓಡಾಡುತ್ತಿದ್ದ ಆ ಹೆಂಗಸನ್ನು ನಾವೆಲ್ಲ ಶಿಲ್ಪಿಯಮ್ಮ ಎನ್ನುತ್ತಿದ್ದೆವು.

ಆಗ ಕೊಲ್ಲಿಯ ಸ್ಥಿತಿ ಹೇಗಿತ್ತು ಎಂದು ತಮಗೆ ತಿಳಿದಿರಲಾರದು, ತಾವು ಆಗ ಇಲ್ಲಿರಲಿಲ್ಲ. ಹಡಗುಗಳಿಗೆ ದಾರಿ ಮಾಡಲು ತಳವನ್ನು ತೋಡಿ, ಅಳಿದುಳಿದ ಬಂಡೆಗಳನ್ನು ಎಳೆಬಲೆಗಳಿಂದ ಕಿತ್ತು, ಕೆಳಗೆ ಬರೀ ಮರಳು ಉಳಿದಿತ್ತು. ಮೀನು ಮೊಟ್ಟೆ ಇಡಲಿಕ್ಕೆ ಒಂದು ಸಂದಿ ಇರಲಿಲ್ಲ. ನನ್ನ ಅಣ್ಣ ಹುಟ್ಟಾ ಮೀನುಗಾರ. ಅಂಥವನು ದೋಣಿಯನ್ನು ಬೋರಲು ಹಾಕಿ ಐಸ್ ಕಾರ್ಖಾನೆಯಲ್ಲಿ ಕಾವಲಿಗೆ ಸೇರಿದ್ದ. ಐಸಿಗೆ ಕಾವಲು, ಅದೂ ಮೀನಿಲ್ಲದ ಊರಲ್ಲಿ!

ಶಿಲ್ಪಿಯಮ್ಮ ಊರಿನ ಜನರ ಮೈಮುಖಗಳನ್ನೇ ಅಚ್ಚು ತೆಗೆದು, ಸಿಮೆಂಟಿನಲ್ಲಿ ಎರೆದು, ನೀರಿಗಿಳಿಸಬೇಕು ಎಂದರು. ನಾನು ನನ್ನ ಕಸುಬಿನ ಅಭ್ಯಾಸದಂತೆ ಮೊದಲ ತಲೆಯನ್ನು ನುಣ್ಣಗೆ ಉಜ್ಜಿ ಮಿರಮಿರ ಮಿಂಚಿಸಿ ಮುಂದಿಟ್ಟೆ. ಅವರು ಬೆರಳಾಡಿಸಿ ನೋಡಿ ನಕ್ಕರು.

“ಮೇಸ್ತ್ರಿಗಳೇ, ಇಷ್ಟು ನುಣುಪಾದ್ರೆ ಯಾರೂ ಬಾಡಿಗೆಗೆ ಬರಲ್ಲ. ಒರಟಾಗಿ ಬಿಡಿ. ಅಲ್ಲಲ್ಲಿ ತೂತು ಮಾಡಿ.”

“ಮುಖಕ್ಕೆ ತೂತಾ? ಪ್ರತಿಮೆ ಕೆಟ್ಟುಹೋಗುತ್ತೆ ಮೇಡಂ.”

“ನಾವು ಮಾಡೋದು ಅರ್ಧ ಕೆಲಸ ಅಷ್ಟೇ. ಉಳಿದರ್ಧ ಕೆಳಗಿರೋರು ಮಾಡ್ತಾರೆ. ಆರು ವರ್ಷ ಬಿಟ್ಟು ನೋಡಿ, ನಿಮಗೆ ಗುರುತೇ ಸಿಗಬಾರದು. ಆವಾಗ ಕೆಲಸ ಮುಗೀತು ಅಂತ ಲೆಕ್ಕ.”

ಗಮನಿಸಿ ಮಾನ್ಯರೇ. ತಾವು ಯಾವುದನ್ನು ಕಲಾಕೃತಿಗೆ ಆದ ಹಾನಿ ಎನ್ನುತ್ತಿದ್ದೀರೋ, ಪ್ರತಿಮೆ ಮಾಡಿದವರು ಅದನ್ನೇ ಕಲಾಕೃತಿ ಎಂದಿದ್ದರು. ಈ ಮಾತು ಅವರು ಇಲಾಖೆಗೆ ಕೊಟ್ಟ ಮೂಲ ಯೋಜನೆಯಲ್ಲೂ ಇದೆ, ಹನ್ನೊಂದನೇ ಪುಟದಲ್ಲಿ. ಇಲಾಖೆಯಲ್ಲಿ ಹತ್ತನೇ ಪುಟದಾಚೆ ಓದುವ ಪದ್ಧತಿ ಇಲ್ಲವೆಂದು ಕಾಣುತ್ತದೆ.

ಮುಖ ಕೊಡಲು ಊರಿನವರು ಮೊದಮೊದಲು ಹಿಂಜರಿದರು. ಮುಂದೆ ಬಂದು ದಾರಿ ತೋರಿದವಳು ನನ್ನ ಅತ್ತಿಗೆ. ನನಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡರು. ಆ ವರ್ಷವೇ ಅಣ್ಣನ ಕೈಹಿಡಿದು ಬಂದ ಅತ್ತಿಗೆಗೆ ಹತ್ತೊಂಬತ್ತು. ನನ್ನನ್ನು ಸಾಕಿದಳು ಎಂದರೆ ಚಿಕ್ಕ ಮಾತು. ಅವಳ ಇಬ್ಬರು ತಂಗಿಯರು, ಗಂಡ ಸತ್ತ ನಮ್ಮ ಸೋದರತ್ತೆ, ಅಣ್ಣನ ದೋಣಿಯಲ್ಲಿ ಕೆಲಸ ಮಾಡುತ್ತಿದ್ದ ದಿಕ್ಕಿಲ್ಲದವರು, ಎಲ್ಲರೂ ಆ ಎರಡು ಕೋಣೆಯ ಮನೆಯಲ್ಲೇ ಬೆಳೆದರು ಅಥವಾ ಮುದುಕರಾದರು. ಊಟಕ್ಕೆ ಎಷ್ಟು ತಟ್ಟೆ ಎಂಬುದು ತಟ್ಟೆ ಹಾಕಿದ ಮೇಲೆಯೇ ಗೊತ್ತಾಗುತ್ತಿತ್ತು. “ಜಾಗ ಮಾಡ್ಕೊಂಡು ಕೂತ್ಕೊಳ್ರೋ” ಎನ್ನುವುದೇ ಅವಳ ದಿನದ ಮಾತು.

ಅಚ್ಚು ತೆಗೆಯುವಾಗ ಮುಖಕ್ಕೆಲ್ಲ ಪ್ಲಾಸ್ಟರ್ ಮೆತ್ತುತ್ತೇವೆ. ಮೂಗಿನ ಹೊಳ್ಳೆಗಳನ್ನಷ್ಟೇ ಬಿಟ್ಟಿರುತ್ತೇವೆ. ಇಪ್ಪತ್ತು ನಿಮಿಷ ಅಲುಗಬಾರದು, ಮಾತಾಡಬಾರದು.

“ಇಪ್ಪತ್ತು ನಿಮಿಷ ಬಾಯಿ ಮುಚ್ಕೊಂಡು ಕೂರೋದಾ?” ಎಂದಳು ಅತ್ತಿಗೆ. “ಈ ಮನೆಗೆ ಬಂದಾಗಿಂದ ಕೂತಿಲ್ಲ ಕಣೋ.”

ಮೊದಲ ಸಲ ನಕ್ಕು ಪ್ಲಾಸ್ಟರ್ ಬಿರುಕು ಬಿಟ್ಟಿತು. ಎರಡನೇ ಸಲ ಸೀನಿದಳು. ಮೂರನೇ ಸಲ ಕೂತಲ್ಲೇ ನಿದ್ದೆ ಹೋದಳು, ಅಚ್ಚು ಚೆನ್ನಾಗಿ ಬಂತು. ಕಾಲು ಮಡಚಿ, ಮಡಿಲಲ್ಲಿ ಮೊರವಿಟ್ಟುಕೊಂಡು ಕಾಳು ಹಸನು ಮಾಡುತ್ತಾ ಕೂತ ಹಾಗೆ ಅವಳ ಪ್ರತಿಮೆ. ಕೆಲಸದ ಮಧ್ಯೆ ಕಣ್ಣು ಮುಚ್ಚಿದವಳ ನೆಮ್ಮದಿ ಆ ಮುಖದಲ್ಲಿತ್ತು. ಮೊರದ ಅಡಿಯಲ್ಲಿ, ಮಡಿಲಿಗೂ ಅದಕ್ಕೂ ನಡುವೆ, ಶಿಲ್ಪಿಯಮ್ಮ ಬೇಕೆಂದೇ ಒಂದು ಪೊಟರೆ ಬಿಡಿಸಿದರು.

ಮೂವತ್ತೇಳನ್ನೂ ಎಂಟು ಮೀಟರ್ ಆಳದಲ್ಲಿ ಕೂರಿಸಿದೆವು. ಅದಕ್ಕಾಗಿ ನಾನು ನಲವತ್ತಾರನೇ ವಯಸ್ಸಿನಲ್ಲಿ ಮುಳುಗುವುದನ್ನು ಕಲಿತೆ. ಮೊದಲ ವಾರ ಬರೀ ಲೋಳೆ. ಆಮೇಲೆ ಹಸಿರು ಪಾಚಿ, ಚಿಪ್ಪು, ಕಿತ್ತಳೆ ಬಣ್ಣದ ಸ್ಪಂಜು, ಬೆರಳಿನಷ್ಟು ಮೃದು ಹವಳ. ಅಂಚೆಯವನ ಕಿವಿಯಲ್ಲಿ ಸೀಗಡಿ ಸೇರಿತು. ದರ್ಜಿಯ ತೋಳಿನ ಕೆಳಗೆ ಮರಿಮೀನುಗಳ ಹಿಂಡು ನಿಂತಿತು. ಮೂರನೇ ವರ್ಷ ಅಣ್ಣ ಐಸ್ ಕಾರ್ಖಾನೆಗೆ ಹೋಗಿ ಬೀಗದ ಕೈ ಮೇಜಿನ ಮೇಲಿಟ್ಟು ಬಂದ. ಬೋರಲಾಗಿದ್ದ ದೋಣಿಯನ್ನು ನಾವಿಬ್ಬರೂ ತಿರುಗಿಸಿದೆವು. ಪ್ರತಿಮೆಗಳ ಮೇಲೆ ಅವನು ಎಂದೂ ಗಾಳ ಹಾಕಿದವನಲ್ಲ. ಅಲ್ಲಿ ಬೆಳೆದು ಆಚೆ ಬಂದ ಮೀನನ್ನು ಕೊಲ್ಲಿಯ ಬಾಯಲ್ಲಿ ಹಿಡಿಯುತ್ತಾನೆ. ಅವನ ಹಾಗೆ ಇನ್ನೂ ಹದಿನಾರು ದೋಣಿಗಳು ನೀರಿಗಿಳಿದಿವೆ. ಕಲೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೆ ನಮ್ಮ ಊರಿನಲ್ಲಿ ಉತ್ತರವಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಟ್ಟದೆ ಸುತ್ತಿ ಬಳಸಿ ಓಡಾಡುತ್ತಿದ್ದೇನೆ ಎಂದು ತಮಗೂ ಅನಿಸಿರಬಹುದು.

ಎರಡು ವರ್ಷದ ಹಿಂದೆ ಅತ್ತಿಗೆಗೆ ಲಕ್ವ ಹೊಡೆಯಿತು. ಕೈಕಾಲು ಬಚಾವಾದವು. ಎಡಗೆನ್ನೆ ಜೋತುಬಿತ್ತು, ಬಾಯಿ ಒಂದು ಕಡೆಗೆ ಎಳೆಯಿತು. ಅಷ್ಟು ಮಾತಾಡುತ್ತಿದ್ದವಳು ಶಾಲನ್ನು ಕೆನ್ನೆಗೆ ಎಳೆದುಕೊಂಡು ಒಳಕೋಣೆ ಸೇರಿದಳು. ಮೊದಲಿನ ಮುಖದ ಒಂದು ಫೋಟೋ ಇರಲಿ ಎಂದು ಹುಡುಕಿದರೆ ಮನೆಯಲ್ಲಿ ಒಂದೂ ಸರಿಯಾದದ್ದಿಲ್ಲ. ಎಲ್ಲದರಲ್ಲೂ ಯಾರಿಗೋ ಬಡಿಸುತ್ತಾ ಬೆನ್ನು ತಿರುಗಿಸಿದ್ದಾಳೆ. ನನಗೆ ಅಚ್ಚು ನೆನಪಾಯಿತು. ಮೂವತ್ತೇಳು ಅಚ್ಚುಗಳೂ ತಮ್ಮ ಇಲಾಖೆಯ ಗೋದಾಮಿನಲ್ಲಿವೆ. ಒಂದೇ ಒಂದು ಸಲ ತೆಗೆದು ಅವಳ ಮುಖ ಎರೆದುಕೊಳ್ಳುತ್ತೇನೆ ಎಂದು ಕೇಳಿದೆ. ಬೀಗದ ಕೈ ಯಾರ ಬಳಿ ಇದೆ ಎಂಬ ಕಡತ ಸಿಗುತ್ತಿಲ್ಲ ಎಂದರು. ಒಂದೂವರೆ ವರ್ಷ ಓಡಾಡಿದೆ. ಕಡತ ಸಿಗಲಿಲ್ಲ.

ಅಷ್ಟರಲ್ಲಿ ತಮ್ಮ ಆದೇಶ ಬಂತು. ಪ್ರತಿಮೆಗಳಿರುವ ಜಾಗ ಚೆನ್ನಾಗಿ ಬಲ್ಲವನೆಂದು ತೊಳೆಯುವ ಕೆಲಸಕ್ಕೆ ನನ್ನನ್ನೇ ಕರೆದರು. ಬೇಡ ಎನ್ನಬೇಕಿತ್ತು. ಒಪ್ಪಿಕೊಂಡೆ. ಅತ್ತಿಗೆಯ ಆ ಮುಖ ಅದರಡಿಯಲ್ಲಿದೆ, ಮತ್ತೆ ನೋಡಬಹುದು, ಅವಳಿಗೂ ತೋರಿಸಬಹುದು ಎಂಬ ಆಸೆ. ಬೇರೆ ಯಾವ ನೆಪವೂ ನನಗಿಲ್ಲ.

ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅವಳ ಪ್ರತಿಮೆಯಿಂದಲೇ ಶುರು ಮಾಡಿದೆ. ತಂತಿಯ ಬ್ರಷ್ಷು, ಚಿಕ್ಕ ಉಳಿ. ಹಣೆಯಿಂದ ಸ್ಪಂಜು ಹಾಳೆಹಾಳೆಯಾಗಿ ಎದ್ದಿತು. ಕಣ್ಣಿನ ಗುಳಿಯಲ್ಲಿ ಬೇರೂರಿದ್ದ ಹವಳ ಉಳಿಯ ಎರಡೇ ಏಟಿಗೆ ಮುರಿಯಿತು. ಆರು ವರ್ಷ ಬೆಳೆದದ್ದು ಎರಡು ಏಟಿಗೆ. ಉದುರಿದ ಚೂರುಗಳನ್ನು ತಿನ್ನಲು ಎಲ್ಲೆಲ್ಲಿಂದಲೋ ಮೀನುಗಳು ನುಗ್ಗಿ ಬಂದವು. ನಾನು ನಿಲ್ಲಿಸಲಿಲ್ಲ. ಮೂಗು ಕಂಡಿತು, ತುಟಿ ಕಂಡಿತು, ಆಮೇಲೆ ಆ ನಿದ್ದೆಯ ಮುಖ ಪೂರ್ತಿ ಕಂಡಿತು. ಮುಖವಾಡದ ಗಾಜಿನೊಳಗೆ ನನ್ನ ಕಣ್ಣು ತುಂಬಿ ಮಂಜಾಯಿತು.

ಮುಖ ಮುಗಿಸಿ ಮಡಿಲಿಗೆ ಬಂದೆ. ಮೊರದ ಅಡಿಯ ಪೊಟರೆಗೆ ಬ್ರಷ್ಷು ಹಾಕಿದೆ. ಒಳಗಿನಿಂದ ಯಾರೋ ಅದನ್ನು ಹಿಡಿದು ತಳ್ಳಿದರು. ಬಗ್ಗಿ ನೋಡಿದರೆ ಒಂದು ಆಕ್ಟೋಪಸ್. ಅದರ ಹಿಂದೆ, ಪೊಟರೆಯ ಸೂರಿನಿಂದ, ಬಿಳಿ ಮಣಿಸರದ ಹಾಗೆ ಮೊಟ್ಟೆಗಳು ಜೋತಾಡುತ್ತಿದ್ದವು. ಅದು ಓಡಿಹೋಗಬಹುದಿತ್ತು. ತಂತಿ ಚುಚ್ಚಿದರೂ ಓಡಲಿಲ್ಲ, ಬ್ರಷ್ಷನ್ನು ಹಿಡಿದುಕೊಂಡೇ ಇತ್ತು. ನಾನು ಕೈಬಿಟ್ಟು ಹಿಂದೆ ಸರಿದೆ. ಬ್ರಷ್ಷನ್ನು ಅದಕ್ಕೇ ಬಿಟ್ಟು ಮೇಲೆ ಬಂದೆ.

ಆದರೆ ಅಷ್ಟೊತ್ತಿಗೆ ಪೊಟರೆಯ ಬಾಯನ್ನು ಮರೆಮಾಡಿದ್ದ ಹವಳದ ಪೊದೆಯನ್ನು ನಾನೇ ಕಿತ್ತಾಗಿತ್ತು. ಮೂರು ದಿನ ಬಿಟ್ಟು ಇಳಿದು ನೋಡಿದೆ. ಚೂರು ತಿನ್ನಲು ಬಂದ ಮೀನುಗಳು ಒಳಗೂ ಹೊಕ್ಕಿದ್ದವು. ತಾಯಿಯೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ನನ್ನ ಬ್ರಷ್ಷು ಮರಳಿನ ಮೇಲೆ ಬಿದ್ದಿತ್ತು.

ಇದನ್ನೆಲ್ಲ ಮುಚ್ಚಿಟ್ಟು, ನೀರಿನಡಿ ತೆಗೆದ ತೊಳೆದ ಮುಖದ ಚಿತ್ರವನ್ನಷ್ಟೇ ದೊಡ್ಡದಾಗಿ ಮುದ್ರಿಸಿಕೊಂಡು ಅತ್ತಿಗೆಯ ಕೋಣೆಗೆ ಹೋದೆ. ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಚಿತ್ರ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಇವಳ್ಯಾರೋ?”

“ನೀನೇ ಅತ್ತಿಗೆ. ನೋಡು, ಮೊದಲಿನ ಹಾಗೇ ಇದ್ದೀಯ.”

ಬಹಳ ಹೊತ್ತು ನೋಡಿದಳು. ಎಳೆದ ಬಾಯಿಂದ ಮಾತು ನಿಧಾನವಾಗಿ ಬಂತು.

“ಹೋದ ವರ್ಷ ಒಂದು ಫೋಟೋ ತೋರಿಸಿದ್ಯಲ್ಲ, ಅದರಲ್ಲಿ ತಲೆ ತುಂಬಾ ಏನೇನೋ ಇತ್ತು. ಕಿತ್ತಳೆ, ನೇರಳೆ. ಮಡಿಲಲ್ಲಿ ಮೀನು ಓಡಾಡ್ತಿದ್ವು. ಅವೆಲ್ಲ ಎಲ್ಲಿ?”

“ತೊಳೆದೆ.”

“ಯಾಕೆ?”

“ನಿನ್ನ ಮುಖ ಕಾಣ್ಲಿ ಅಂತ.”

“ನಾನು ಇಲ್ಲೇ ಕೂತಿದ್ದೀನಲ್ಲೋ,” ಎಂದಳು. ಕೆನ್ನೆಯ ಮೇಲಿನ ಶಾಲನ್ನು ತಾನೇ ಸರಿಸಿ, ಸೊಟ್ಟ ಮುಖವನ್ನು ನನ್ನ ಕಡೆ ತಿರುಗಿಸಿದಳು. “ನೋಡು, ಎಷ್ಟು ಬೇಕಾದ್ರೂ ನೋಡು. ಅದಕ್ಕೆ ಇನ್ನೊಬ್ಬರ ಮನೆ ಒಡೀಬೇಕಿತ್ತಾ?”

ಆಮೇಲೆ ಆಕ್ಟೋಪಸ್ಸಿನ ಸಂಗತಿಯನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಚಿತ್ರವನ್ನು ಬೋರಲು ಹಾಕಿ ಇಟ್ಟಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಕೆಲಸ ಬಿಟ್ಟೆ ಎಂದು ಬರೆದುಕೊಟ್ಟೆ. ತಾವು ಕರೆಸಿದಿರಿ. ತಮ್ಮ ಕೋಣೆಯ ಗೋಡೆಯ ಮೇಲೆ ‘ಸಾಗರವೇ ನಮ್ಮ ಉಸಿರು’ ಎಂಬ ದೊಡ್ಡ ಫಲಕ, ಅದರ ಕೆಳಗೆ ತಾವು. ಅಂದಿನ ಮಾತುಕತೆಯನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

“ಏನ್ರೀ ಮೇಸ್ತ್ರಿ, ಒಂದು ತೊಳೆದು ಕೂತ್ಬಿಟ್ರಂತೆ?”

“ಸಾರ್, ಅದರ ಮೇಲೆ ಜೀವ ಇದೆ.”

“ಜೀವ ಎಲ್ಲಾ ಕಡೆ ಇರುತ್ತೆ ಕಣ್ರೀ. ಜನ ಗಾಜಿನ ತಳದ ದೋಣೀಲಿ ಕೂತು ಕೆಳಗೆ ನೋಡ್ತಾರೆ. ಮೂಗಿಲ್ಲ, ಕಣ್ಣಿಲ್ಲ, ಬರೀ ಪಾಚಿ. ಪ್ರತಿಮೆ ಎಲ್ಲಿ ಅಂತ ಕೇಳ್ತಾರೆ. ಗೈಡು ಏನು ಹೇಳ್ಬೇಕು?”

“ಅದೇ ಪ್ರತಿಮೆ ಅಂತ ಹೇಳ್ಬೇಕು ಸಾರ್.”

“ನೀವು ಹೋಗಿ. ಮಾಡೋರು ಬೇರೆಯವರಿದ್ದಾರೆ.”

ತಮ್ಮ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಮುಖ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಆ ಆಸೆಗೆ ಬಿದ್ದೇ ನಾನು ಕೆಟ್ಟೆ. ಆದರೆ ಒಂದು ಪ್ರತಿಮೆಯನ್ನು ಕೈಯಲ್ಲಿ ಉಜ್ಜಿದ್ದಕ್ಕೆ ಇಷ್ಟಾಯಿತು. ಯಂತ್ರದಿಂದ ಮೂವತ್ತಾರನ್ನು ಉಜ್ಜಿದರೆ? ಆ ಪೊದೆಗಳಲ್ಲಿ ಬೆಳೆಯುವ ಮರಿಗಳು ಎಲ್ಲಿಗೆ ಹೋಗುತ್ತವೆ? ಹದಿನೇಳು ದೋಣಿಯವರಿಗೆ ಕಾವಲು ಕಾಯಲು ಅಷ್ಟು ಐಸ್ ಕಾರ್ಖಾನೆಗಳನ್ನು ತಾವು ಕಟ್ಟಿಸಿಕೊಡುತ್ತೀರಾ? ಸಾಗರ ನಮ್ಮ ಉಸಿರು ಎಂದು ಗೋಡೆಗೆ ಬರೆಸಿದವರಿಗೆ, ಆ ಉಸಿರು ಪಾಚಿಯ ಬಣ್ಣದಲ್ಲಿರುತ್ತದೆ ಎಂಬುದು ತಿಳಿಯದೆ ಹೋಯಿತೇ?

ತಾವು ಆಗಾಗ ‘ಮೂಲ ಸ್ಥಿತಿ’ ಎನ್ನುತ್ತೀರಿ. ಕೊಲ್ಲಿಯ ಮೂಲ ಸ್ಥಿತಿ ಯಾವುದು? ಬರೀ ಮರಳೇ? ಅದಕ್ಕೂ ಹಿಂದಿನ ಬಂಡೆಯೇ? ಇಲಾಖೆ ಹುಟ್ಟುವುದಕ್ಕೆ ಮುಂಚೆಯೂ ಕಡಲು ಇತ್ತು ಎಂಬುದನ್ನು ತಮ್ಮ ಗುಮಾಸ್ತರ ಮೂಲಕ ದೃಢಪಡಿಸಿಕೊಳ್ಳಬೇಕಾಗಿ ವಿನಂತಿ.

ಮೊನ್ನೆ ಭಾನುವಾರ ಮುಖ ಕೊಟ್ಟವರೆಲ್ಲ ಪೈಪು ಕಾರ್ಖಾನೆಯ ಅಂಗಳದಲ್ಲಿ ಸೇರಿದೆವು. ಮೂವತ್ತೇಳರಲ್ಲಿ ನಾಲ್ಕು ಜನ ತೀರಿಕೊಂಡಿದ್ದಾರೆ, ಅವರ ಮನೆಯವರು ಬಂದಿದ್ದರು. ಅಂಚೆಯವನ ಹೆಂಡತಿ, “ನಮ್ಮವರ ಕಿವೀಲಿ ಸೀಗಡಿ ಇರೋದೇ ಸರಿ, ಬದುಕಿದ್ದಾಗ ನನ್ನ ಮಾತಂತೂ ಅದರೊಳಗೆ ಹೋಗ್ಲಿಲ್ಲ” ಎಂದು ನಗಿಸಿ, ತಾನೇ ಅತ್ತರು. ಸಭೆಗೆ ಅಣ್ಣನ ತೋಳು ಹಿಡಿದು ಅತ್ತಿಗೆಯೂ ಬಂದಳು. ಎರಡು ವರ್ಷದಲ್ಲಿ ಮೊದಲ ಸಲ ಮನೆಯ ಹೊಸ್ತಿಲು ದಾಟಿದ್ದು. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಅವಳು ಕೈ ಎತ್ತಿದಳು.

“ಅವರಿಗೆ ಮುಖ ಬೇಕು ತಾನೇ? ಮುಂದಿನ ಸೋಮವಾರ ನಾವೇ ದೋಣೀಲಿ ಹೋಗಿ ಅದರ ಮೇಲೆ ಕೂತ್ಕೊಳ್ಳೋಣ. ಬಂದ ನೆಂಟರು ಎಷ್ಟು ಬೇಕೋ ಅಷ್ಟು ನೋಡ್ಕೊಂಡು ಹೋಗ್ಲಿ. ನನ್ನನ್ನ ಮುಂದಿನ ದೋಣೀಲಿ ಕೂರಿಸ್ರೋ. ಈ ಸೊಟ್ಟ ಕೆನ್ನೆ ಅವರ ಕಡೆಗೇ ಇರ್ಲಿ.”

ಹಾಗೆಯೇ ತೀರ್ಮಾನವಾಗಿದೆ. ಹದಿನೇಳು ದೋಣಿಗಳೂ ಅಲ್ಲಿರುತ್ತವೆ.

ನಾನು ನಿನ್ನೆ ಬೆಳಿಗ್ಗೆ ಮತ್ತೆ ಇಳಿದಿದ್ದೆ. ತೊಳೆದ ಮುಖದ ಮೇಲೆ ಬೆರಳಿಟ್ಟೆ. ಪಾಚಿಯ ತೆಳು ಪದರದ ಮೇಲೆ ಬೆರಳು ಜಾರಿತು. ಎರಡು ತಿಂಗಳಿಗೆ ಅಷ್ಟು. ಮತ್ತೆ ಆರು ವರ್ಷ ಬಿಟ್ಟರೆ ಏನಾದರೂ ಆದೀತು, ಬಿಟ್ಟರೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಆದೇಶವನ್ನು ಹಿಂತೆಗೆದುಕೊಳ್ಳಿ. ಗೋದಾಮಿನ ಬೀಗ ತೆಗೆಯಿರಿ, ಬೀಗದ ಕೈ ಸಿಗದಿದ್ದರೆ ಒಡೆಯಿರಿ. ಆ ಅಚ್ಚುಗಳಿಂದ ಇನ್ನೊಂದು ಜೊತೆ ಮೂವತ್ತೇಳು ಮುಖಗಳನ್ನು ಸಂಬಳ ಕೇಳದೆ ಎರೆದುಕೊಡುತ್ತೇನೆ. ದಂಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿ, ದಿನಕ್ಕೆ ಎರಡು ಸಲ ಬೇಕಾದರೂ ತೊಳೆಸಿ, ಮೂಗು ಕಣ್ಣು ಎಣಿಸಿ ನೋಡಿಕೊಳ್ಳಿ. ನೀರಿನಡಿ ಇರುವವರ ತಂಟೆಗೆ ಮಾತ್ರ ಹೋಗಬೇಡಿ.

ಇದು ಆಗದಿದ್ದರೆ ಸೋಮವಾರ ಒಂಬತ್ತಕ್ಕೆ, ಯಂತ್ರ ಶುರುವಾಗುವ ಮೊದಲು, ನಾನು ಕೆಳಗೆ ಸಿಮೆಂಟಿನ ಅತ್ತಿಗೆಯ ಪಕ್ಕ ಕೂತಿರುತ್ತೇನೆ. ನನ್ನ ಸಿಲಿಂಡರಿನಲ್ಲಿ ಐವತ್ತು ನಿಮಿಷಕ್ಕಾಗುವಷ್ಟು ಗಾಳಿ ಇರುತ್ತದೆ. ತಮ್ಮ ಕಚೇರಿಯಿಂದ ಜೆಟ್ಟಿಗೆ ನಡೆದು ಬರಲು ಹತ್ತು ನಿಮಿಷ ಸಾಕು.

ಇಂತಿ,
ಒಂದು ಮುಖ ತೊಳೆದು, ಅಂದಿನಿಂದ ಕೈ ತೊಳೆದುಕೊಳ್ಳಲಾಗದೆ ತಿರುಗುತ್ತಿರುವ
ಅಚ್ಚಿನ ಮೇಸ್ತ್ರಿ